ನಿರಪರಾಧಿಗಳ ಸಂಕಟ: ಧಾರ್ಮಿಕ ದೃಷ್ಟಿಗಳು

ತಪ್ಪು ಮಾಡದವರು ಏಕೆ ನರಳಬೇಕು ಎಂಬುದು ಧರ್ಮಚಿಂತನೆಯ ಅತಿ ಹಳೆಯ ಪ್ರಶ್ನೆಗಳಲ್ಲೊಂದು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಕಳ್ಳನಿಗೆ ಶಿಕ್ಷೆಯಾದಾಗ ಸಲೀಸಾಗಿ ಬಾಯಿಗೆ ಬರುತ್ತದೆ. ಹುಟ್ಟಿದ ವಾರಕ್ಕೇ ಕಣ್ಮುಚ್ಚಿದ ಕೂಸಿನ ಮುಂದೆ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಲೋಕಕ್ಕೊಂದು ನ್ಯಾಯವಿದೆ ಎಂದು ನಂಬಿದವರಿಗೆ ಮಾತ್ರ ಈ ಪ್ರಶ್ನೆ ಪೂರ್ತಿ ಭಾರದಿಂದ ಎದುರಾಗುತ್ತದೆ. ಕ್ರಿ.ಪೂ. ಎರಡನೆಯ ಸಹಸ್ರಮಾನದ ಬ್ಯಾಬಿಲೋನಿಯದ ಒಂದು ಕಾವ್ಯದಲ್ಲಿ ಮರ್ದುಕ್ ದೇವರ ಭಕ್ತನೊಬ್ಬ, ಪೂಜೆಯಲ್ಲಿ ಲೋಪ ಮಾಡದ ತನಗೇ ರೋಗ ಮತ್ತು ಅವಮಾನ ಬಂದದ್ದೇಕೆಂದು ಕೊರಗುತ್ತಾನೆ. ದೇವರಿಗೆ ಕೇಡನ್ನು ತಡೆಯುವ ಶಕ್ತಿ ಇಲ್ಲವೋ, ಮನಸ್ಸಿಲ್ಲವೋ ಎಂಬ ತರ್ಕವನ್ನು ಗ್ರೀಕ್ ದಾರ್ಶನಿಕ ಎಪಿಕ್ಯೂರಸನ ಹೆಸರಿಗೆ ಹಚ್ಚಲಾಗಿದೆ. ಜರ್ಮನಿಯ ಲೈಬ್ನಿಜ್ 1710ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಗ್ರೀಕಿನ ದೇವರು ಮತ್ತು ನ್ಯಾಯ ಎಂಬ ಎರಡು ಪದಗಳನ್ನು ಕೂಡಿಸಿ ‘ಥಿಯೋಡಿಸಿ’ ಎಂದು ಹೆಸರಿಟ್ಟ. ಅಂದಿನಿಂದ ಈ ವಿಚಾರಕ್ಕೆ ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಅದೇ ಹೆಸರು ನಿಂತಿತು. ಕನ್ನಡದಲ್ಲಿ ಇದನ್ನು ದೇವನ್ಯಾಯದ ಸಮರ್ಥನೆ ಎನ್ನಬಹುದು.

ಧರ್ಮಗಳು ಕೊಟ್ಟ ಉತ್ತರಗಳು ಹಲವು: ಹಿಂದಿನ ಜನ್ಮದ ಫಲ, ಪಾಪಕ್ಕೆ ಶಿಕ್ಷೆ, ಭಕ್ತಿಯ ಪರೀಕ್ಷೆ, ಆತ್ಮವನ್ನು ಹದಗೊಳಿಸುವ ಮೂಸೆ, ಮನುಷ್ಯನ ಅಳವಿಗೆ ಮೀರಿದ ದೈವಸಂಕಲ್ಪ. ಇವುಗಳನ್ನು ಸಾಲಾಗಿ ಜೋಡಿಸಿಟ್ಟರೆ ಪ್ರತಿಯೊಂದೂ ಒಂದು ಮುಚ್ಚಿದ ಲೆಕ್ಕದ ಪುಸ್ತಕದಂತೆ ಕಾಣುತ್ತದೆ. ಆದರೆ ಆಯಾ ಧರ್ಮದ ಮೂಲ ಗ್ರಂಥಗಳನ್ನು ಹತ್ತಿರದಿಂದ ಓದಿದರೆ ಬೇರೊಂದು ಸಂಗತಿ ಗಮನಕ್ಕೆ ಬರುತ್ತದೆ. ಸಂಕಟಕ್ಕೆ ಕಾರಣ ಹೇಳಿದ ಧರ್ಮವೇ, ಆ ಕಾರಣವನ್ನು ನೊಂದವನ ಮುಖಕ್ಕೆ ಎಸೆಯಬಾರದೆಂಬ ತಡೆಯನ್ನೂ ತನ್ನೊಳಗೆ ಇಟ್ಟುಕೊಂಡಿದೆ. ಆ ತಡೆ ಹೊರಗಿನವರ ಟೀಕೆಯಿಂದ ಬಂದದ್ದಲ್ಲ. ಧರ್ಮದ ಒಡಲಿನಿಂದಲೇ ಬಂದದ್ದು. ಈ ಲೇಖನ ಪ್ರಮುಖ ಉತ್ತರಗಳನ್ನು ಪರಿಚಯಿಸುತ್ತ, ಆ ತಡೆಯನ್ನು ಬಿಟ್ಟು ಉತ್ತರವನ್ನಷ್ಟೇ ಉಳಿಸಿಕೊಂಡರೆ ಧರ್ಮ ಅರ್ಧವಾಗುತ್ತದೆ ಎಂದು ವಾದಿಸುತ್ತದೆ.

ಕರ್ಮ ಮತ್ತು ಅದರ ಮಿತಿ

ಭಾರತೀಯ ದರ್ಶನಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಕರ್ಮದ ಮೂಲಕ ಉತ್ತರಿಸುತ್ತವೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಆಕ್ಷೇಪವನ್ನು ಮುಚ್ಚುಮರೆಯಿಲ್ಲದೆ ಎತ್ತಿಕೊಳ್ಳುತ್ತದೆ: ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ಈಶ್ವರನಿಗೆ ವೈಷಮ್ಯ, ಅಂದರೆ ಪಕ್ಷಪಾತ, ಮತ್ತು ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವಿಕೆ, ಎಂಬ ಎರಡು ದೋಷ ಅಂಟುವುದಿಲ್ಲವೇ? ಶಂಕರರ ಭಾಷ್ಯ ಇದಕ್ಕೆ ಮಳೆಯ ಹೋಲಿಕೆ ಕೊಡುತ್ತದೆ. ಮಳೆ ಎಲ್ಲ ಬೆಳೆಗೂ ಸಮಾನ ಕಾರಣ. ಒಂದು ಕಡೆ ಬತ್ತ, ಇನ್ನೊಂದು ಕಡೆ ಜವೆ ಬೆಳೆಯುವುದು ಬೀಜದ ಭೇದದಿಂದ. ಹಾಗೆಯೇ ಈಶ್ವರ ಜೀವಿಗಳ ಕರ್ಮಕ್ಕೆ ತಕ್ಕಂತೆ ಫಲ ಕೊಡುತ್ತಾನೆ. ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತೆಂಬ ಮರುಪ್ರಶ್ನೆಗೆ, ಸಂಸಾರ ಅನಾದಿ ಎಂಬ ಉತ್ತರ ಸಿದ್ಧವಿದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ನೆಲೆ ನಿಂತ ಮಧ್ವಾಚಾರ್ಯರು ಇದಕ್ಕೆ ಜೀವಸ್ವಭಾವಗಳ ಅನಾದಿ ತಾರತಮ್ಯವನ್ನು ಸೇರಿಸಿ ದೇವರನ್ನು ದೋಷಮುಕ್ತನನ್ನಾಗಿಸಿದರು. ತರ್ಕ ಗಟ್ಟಿಯಾಗಿದೆ. ಆದರೆ ಇದರ ಪ್ರಕಾರ ನಿರಪರಾಧಿ ಎಂಬವನೇ ಇರುವುದಿಲ್ಲ. ಅಪರಾಧ ನೆನಪಿಗೆ ಬಾರದ ಜನ್ಮದಲ್ಲಿದೆ, ಅಷ್ಟೆ.

ಇದೇ ಸಂಸ್ಕೃತಿಯ ಮಹಾಭಾರತ ಆ ಲೆಕ್ಕಕ್ಕೆ ನೇರವಾಗಿ ಎದುರಾಡುವ ಕಥೆಯೊಂದನ್ನು ಆದಿಪರ್ವದಲ್ಲೇ ಇಟ್ಟಿದೆ. ಮಾಂಡವ್ಯ ಋಷಿ ಆಶ್ರಮದ ಬಾಗಿಲಲ್ಲಿ ತೋಳೆತ್ತಿ ಮೌನವಾಗಿ ತಪಸ್ಸಿಗೆ ನಿಂತಿರುವಾಗ ಕಳ್ಳರು ಒಳಗೆ ನುಗ್ಗಿ ಮಾಲನ್ನು ಬಚ್ಚಿಡುತ್ತಾರೆ. ಬೆನ್ನಟ್ಟಿ ಬಂದ ರಾಜಭಟರು ಋಷಿಯನ್ನೂ ಹಿಡಿದೊಯ್ಯುತ್ತಾರೆ, ಅರಸ ಶೂಲಕ್ಕೇರಿಸುತ್ತಾನೆ. ಆದರೂ ಪ್ರಾಣ ಹೋಗುವುದಿಲ್ಲ. ನಿಜ ತಿಳಿದ ಅರಸ ಶೂಲವನ್ನು ಕೀಳಲು ನೋಡಿ, ಆಗದೆ, ಬುಡಕ್ಕೆ ಕತ್ತರಿಸುತ್ತಾನೆ. ಮೊನೆ ಮೈಯೊಳಗೇ ಉಳಿದು ಋಷಿಗೆ ಆಣಿಮಾಂಡವ್ಯನೆಂಬ ಹೆಸರಾಗುತ್ತದೆ. ಆತ ಧರ್ಮದೇವತೆಯ ಸಭೆಗೇ ಹೋಗಿ ತನ್ನ ತಪ್ಪೇನೆಂದು ಕೇಳುತ್ತಾನೆ. ಚಿಕ್ಕಂದಿನಲ್ಲಿ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂದು ಉತ್ತರ ಬರುತ್ತದೆ. ಅಲ್ಪ ತಪ್ಪಿಗೆ ಅತಿ ಶಿಕ್ಷೆ ಕೊಟ್ಟೆಯೆಂದು ಮಾಂಡವ್ಯ ಧರ್ಮನನ್ನೇ ಶಪಿಸುತ್ತಾನೆ; ಧರ್ಮ ವಿದುರನಾಗಿ ದಾಸಿಯ ಹೊಟ್ಟೆಯಲ್ಲಿ ಹುಟ್ಟಬೇಕಾಗುತ್ತದೆ. ಹದಿನಾಲ್ಕು ವರ್ಷ ತುಂಬದ ಮಕ್ಕಳಿಗೆ ಪಾಪ ತಗಲದೆಂಬ ಕಟ್ಟಳೆಯನ್ನೂ ಋಷಿ ವಿಧಿಸುತ್ತಾನೆ. ಇಲ್ಲಿ ಕರ್ಮದ ಕಾರಣವನ್ನು ಕವಿ ಅಲ್ಲಗಳೆದಿಲ್ಲ. ಕಾರಣ ಇದ್ದ ಮಾತ್ರಕ್ಕೆ ನ್ಯಾಯವಾಯಿತೆಂದು ಒಪ್ಪಿಲ್ಲ. ನೊಂದವನು ವಾದಿಯಾದಾಗ ಧರ್ಮವೇ ಪ್ರತಿವಾದಿಯ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಈ ತಡೆ ಇಲ್ಲದೆಡೆ ಕರ್ಮದ ಮಾತು ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಜಾತಿವ್ಯವಸ್ಥೆಯ ಇತಿಹಾಸವೇ ಸಾಕ್ಷಿ. ಕೀಳೆನಿಸಿಕೊಂಡ ಕುಲದಲ್ಲಿ ಹುಟ್ಟಿದ್ದು ಪೂರ್ವಕರ್ಮದ ಫಲವೆಂದರೆ, ಅವಮಾನಿಸಿದವನ ಕೈ ತೊಳೆದು ಅವಮಾನಿತನ ಮೇಲೆ ಹೊಣೆ ಹೊರಿಸಿದಂತಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ದೀಕ್ಷೆ ಪಡೆದವನ ಪೂರ್ವಾಶ್ರಯವನ್ನು ಕೆದಕುವುದೇ ತಪ್ಪೆಂದು ಸಾರಿದ್ದು ಇದೇ ಕಾರಣಕ್ಕೆ. ಬಿ.ಆರ್. ಅಂಬೇಡ್ಕರ್ ಅವರು ತಮ್ಮ ನಿಧನಾನಂತರ 1957ರಲ್ಲಿ ಹೊರಬಂದ ಬುದ್ಧ ಮತ್ತು ಆತನ ಧಮ್ಮ ಕುರಿತ ಗ್ರಂಥದಲ್ಲಿ, ಬಡವನ ಸ್ಥಿತಿಗೆ ಅವನ ಹಿಂದಿನ ಜನ್ಮವೇ ಕಾರಣವೆಂಬ ವಾದ ಸಮಾಜವನ್ನು ಹೊಣೆಯಿಂದ ತಪ್ಪಿಸುವ ಉಪಾಯವೆಂದು ಕಟುವಾಗಿ ಹೇಳಿದರು. ಕರ್ಮವಾದಿಗಳು ಇದಕ್ಕೊಂದು ಉತ್ತರ ಕೊಡುತ್ತಾರೆ: ಕರ್ಮ ದೂಷಣೆಗಾಗಿ ಇರುವುದಲ್ಲ, ಇಂದು ಮಾಡುವ ಒಳಿತು ವ್ಯರ್ಥವಾಗದೆಂಬ ಭರವಸೆಗಾಗಿ ಇರುವುದು. ಇದು ಸರಿಯಾದ ಮಾತು. ಸರಿಯಾದ್ದರಿಂದಲೇ, ಕರ್ಮಸಿದ್ಧಾಂತ ಮುಂದಕ್ಕೆ ನೋಡಿ ನನ್ನ ನಡತೆಯನ್ನು ತಿದ್ದುವಾಗ ಸಾರ್ಥಕ; ಹಿಂದಕ್ಕೆ ನೋಡಿ ಪಕ್ಕದವನ ನೋವಿಗೆ ತೀರ್ಪು ಬರೆಯುವಾಗ ಅಪಾಯಕಾರಿ.

ಜೈನ ಮತ್ತು ಬೌದ್ಧ ನೋಟ

ಜೈನ ದರ್ಶನದಲ್ಲಿ ಸೃಷ್ಟಿಕರ್ತನೇ ಇಲ್ಲದ್ದರಿಂದ ದೇವರನ್ನು ಸಮರ್ಥಿಸುವ ಗೋಜಿಲ್ಲ. ಕರ್ಮ ಅಲ್ಲಿ ಆತ್ಮಕ್ಕೆ ಅಂಟುವ ಸೂಕ್ಷ್ಮ ಪುದ್ಗಲ. ನೋವನ್ನುಣಿಸುವುದು ಅಸಾತಾವೇದನೀಯ ಕರ್ಮ. ಕೇಳಲು ಇದು ಇನ್ನೂ ಕಠಿಣ ಲೆಕ್ಕ. ಆದರೆ ಕವಿ ಜನ್ನ ಹದಿಮೂರನೆಯ ಶತಮಾನದ ಮೊದಲಲ್ಲಿ ಬರೆದ ‘ಯಶೋಧರ ಚರಿತೆ’ ಆ ಲೆಕ್ಕವನ್ನು ಯಾರ ಬಾಯಲ್ಲಿ ಹೇಳಿಸುತ್ತದೆಂಬುದನ್ನು ಗಮನಿಸಬೇಕು. ಚಂಡಮಾರಿಗೆ ಬಲಿ ಕೊಡಲು ಮಾರಿದತ್ತನ ಮುಂದೆ ಅಭಯರುಚಿ, ಅಭಯಮತಿ ಎಂಬ ಎಳೆಯರಿಬ್ಬರನ್ನು ಹಿಡಿದು ತರುತ್ತಾರೆ. ಕತ್ತಿಯ ಕೆಳಗೆ ನಿಂತ ಆ ಅಣ್ಣ ತಂಗಿ ತಮ್ಮದೇ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ: ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೆ ಪ್ರಾಣಿಜನ್ಮಗಳಲ್ಲಿ ತಾವು ಮತ್ತೆ ಮತ್ತೆ ಕೊಲೆಗೀಡಾದ ಕಥೆ. ಕೇಳಿದ ಅರಸನ ಮನಸ್ಸು ತಿರುಗಿ ಬಲಿ ನಿಲ್ಲುತ್ತದೆ. ಕರ್ಮದ ವಿವರಣೆಯನ್ನು ಇಲ್ಲಿ ನೊಂದವರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಅದು ತಲುಪುವುದು ಕೊಲ್ಲಲು ಹೊರಟವನ ಕಿವಿಗೆ. ನಿಮ್ಮ ಕರ್ಮ, ಸಾಯಿರಿ ಎಂದು ಅದನ್ನೇ ಮಾರಿದತ್ತ ಹೇಳಿದ್ದರೆ ಆ ಕಾವ್ಯ ಧರ್ಮಗ್ರಂಥವಾಗುತ್ತಿರಲಿಲ್ಲ.

ಬುದ್ಧನ ಬೋಧನೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಪಾಲಿ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಕಫ, ವಾತ, ಇವು ಮೂರರ ಕೂಟ, ಋತುಗಳ ಬದಲಾವಣೆ, ಅಜಾಗರೂಕ ನಡೆ, ಪರರ ಹಲ್ಲೆ, ಕೊನೆಗೆ ಕರ್ಮವಿಪಾಕ. ಎಲ್ಲವನ್ನೂ ಕರ್ಮಕ್ಕೇ ಹಚ್ಚುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ತಿಳಿಸುತ್ತಾನೆ. ವಿನಯಪಿಟಕದ ಒಂದು ಪ್ರಸಂಗ ಈ ಮಾತನ್ನು ಕೈಯಲ್ಲಿ ಮಾಡಿ ತೋರಿಸುತ್ತದೆ. ಹೊಟ್ಟೆಬೇನೆಯ ಭಿಕ್ಷುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿರುತ್ತಾನೆ. ಇವನಿಂದ ಉಳಿದವರಿಗೆ ಏನೂ ಉಪಯೋಗವಾಗಿಲ್ಲವೆಂದು ಯಾರೂ ಹತ್ತಿರ ಸುಳಿದಿಲ್ಲ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ. ತಾನು ಸುರಿಯುತ್ತಾನೆ, ಆನಂದ ಮೈ ತೊಳೆಯುತ್ತಾನೆ. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆದು, ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲೆಂದು ಆಜ್ಞಾಪಿಸುತ್ತಾನೆ. ಆ ರೋಗಕ್ಕೆ ಎಂಟರಲ್ಲಿ ಯಾವುದು ಕಾರಣವೆಂಬ ಚರ್ಚೆ ಆ ಪ್ರಸಂಗದಲ್ಲಿ ಬರುವುದೇ ಇಲ್ಲ.

ಪರೀಕ್ಷೆ ಎಂಬ ಉತ್ತರ: ಯೋಬ ಮತ್ತು ಹರಿಶ್ಚಂದ್ರ

ಹೀಬ್ರೂ ಬೈಬಲಿನ ಯೋಬನ ಗ್ರಂಥ ಈ ವಿಷಯದ ಅತಿ ಪ್ರಸಿದ್ಧ ಕೃತಿ. ಊಚ್ ದೇಶದ ಯೋಬ ನೀತಿವಂತ. ಏಳು ಗಂಡು, ಮೂರು ಹೆಣ್ಣು ಮಕ್ಕಳ ತಂದೆ. ದೇವಸಭೆಯಲ್ಲಿ ಸೈತಾನ ಒಡ್ಡಿದ ಸವಾಲಿನಿಂದ ಅವನ ಆಸ್ತಿ, ಮಕ್ಕಳು, ಆರೋಗ್ಯ ಒಂದಾದ ಮೇಲೊಂದು ಹೋಗುತ್ತವೆ. ಕನ್ನಡದ ಓದುಗರಿಗೆ ಇದು ಕೂಡಲೇ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ನೆನಪಿಸುತ್ತದೆ. ಅಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರ ನಡುವೆ ಪಂಥ. ಇಲ್ಲಿ ಭೂಮಿಯ ಮೇಲೆ ಹರಿಶ್ಚಂದ್ರ ರಾಜ್ಯ ಕಳೆದುಕೊಂಡು, ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾಯುತ್ತಾನೆ. ಪರೀಕ್ಷೆ ಎಂಬ ಉತ್ತರದ ಬಲ ಎರಡೂ ಕಡೆ ಒಂದೇ: ಸಂಕಟ ತಪ್ಪಿನ ಗುರುತಲ್ಲ, ಸತ್ವದ ಗುರುತೂ ಆಗಬಹುದು. ಅದರ ಕೊರತೆಯೂ ಒಂದೇ. ಅಪ್ಪನ ಸತ್ಯಕ್ಕೆ ಹಾವಿನ ಕಡಿತ ಸಹಿಸಿದವನು ಮಗ ಲೋಹಿತಾಶ್ವ. ಯೋಬನ ಪರೀಕ್ಷೆಯಲ್ಲಿ ಸತ್ತವರು ಅವನ ಹತ್ತು ಮಕ್ಕಳು. ಲೋಹಿತಾಶ್ವ ಕೊನೆಗೆ ಬದುಕಿ ಏಳುತ್ತಾನೆ. ಯೋಬನಿಗೆ ಮತ್ತೆ ಹತ್ತು ಮಕ್ಕಳಾಗುತ್ತವೆ, ಮೊದಲಿನ ಹತ್ತು ಮಂದಿ ಮರಳುವುದಿಲ್ಲ. ಒಬ್ಬರ ಪರೀಕ್ಷೆಗೆ ಇನ್ನೊಬ್ಬರ ಜೀವ ಸಾಧನವಾಗಬಹುದೇ ಎಂಬ ಪ್ರಶ್ನೆಗೆ ಪರೀಕ್ಷಾವಾದದಲ್ಲಿ ಉತ್ತರವಿಲ್ಲ.

ಯೋಬನ ಗ್ರಂಥದ ಹೃದಯ ಇರುವುದು ಪಂಥದಲ್ಲಲ್ಲ, ಆಮೇಲಿನ ಸಂವಾದದಲ್ಲಿ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರ ನಡೆ ಸರಿಯಾಗಿದೆ. ಬಾಯಿ ತೆರೆದ ಮೇಲೆ ಮೂವರೂ ಅಂದಿನ ಧರ್ಮಶಾಸ್ತ್ರವನ್ನು ಒಪ್ಪಿಸುತ್ತಾರೆ: ದೇವರು ನ್ಯಾಯವಂತ, ನೀನು ಏನೋ ತಪ್ಪು ಮಾಡಿದ್ದೀ, ಒಪ್ಪಿಕೋ. ಯೋಬ ಒಪ್ಪುವುದಿಲ್ಲ, ದೇವರ ಮೇಲೆಯೇ ದೂರು ಹೇಳುತ್ತಾನೆ. ಬಿರುಗಾಳಿಯೊಳಗಿಂದ ಮಾತಾಡುವ ದೇವರು ಸೃಷ್ಟಿಯ ಅಗಾಧತೆಯನ್ನು ತೋರಿಸುತ್ತಾನೆ. ಸಂಕಟದ ಕಾರಣವನ್ನು ಮಾತ್ರ ಯೋಬನಿಗೆ ತಿಳಿಸುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಆತ ಸಿಟ್ಟಾಗುವುದು ದೂರು ಹೇಳಿದವನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಗೆಳೆಯರ ಮೇಲೆ. ಯಹೂದಿ ಪರಂಪರೆ ಇದರಿಂದ ನಿಯಮವನ್ನೇ ಹೊರತೆಗೆಯಿತು. ರೋಗದಿಂದ ನರಳುವವನ ಜೊತೆ, ಮಕ್ಕಳನ್ನು ಮಣ್ಣು ಮಾಡಿದವನ ಜೊತೆ ಯೋಬನ ಗೆಳೆಯರಂತೆ ಮಾತಾಡುವುದು ಮಾತಿನಿಂದ ಮಾಡುವ ಅನ್ಯಾಯವೆಂದು ಟಾಲ್ಮುಡ್ ನಿಷೇಧಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಮೇಲೆ, ಉರಿಯುವ ಮಕ್ಕಳ ಎದುರಿಗೆ ನಿಂತು ಹೇಳಲಾಗದ ಯಾವ ಮಾತನ್ನೂ ಧರ್ಮಶಾಸ್ತ್ರ ಆಡಬಾರದೆಂದು ರಬ್ಬಿ ಇರ್ವಿಂಗ್ ಗ್ರೀನ್‌ಬರ್ಗ್ ಬರೆದದ್ದು ಆ ಹಳೆಯ ನಿಷೇಧದ ಮುಂದುವರಿಕೆ.

ಕ್ರೈಸ್ತ ಮತ್ತು ಇಸ್ಲಾಮಿ ಚಿಂತನೆ

ಕ್ರೈಸ್ತರಲ್ಲಿ ಎರಡು ದೊಡ್ಡ ಧಾರೆಗಳಿವೆ. ಸಂತ ಅಗಸ್ಟೀನ (354–430) ಕೇಡಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳಿತಿನ ಅಭಾವವಷ್ಟೇ ಎಂದ. ಲೋಕದ ನೋವನ್ನು ಆದಾಮನ ಮೂಲಪಾಪಕ್ಕೂ ಸ್ವತಂತ್ರ ಇಚ್ಛೆಯ ದುರ್ಬಳಕೆಗೂ ಜೋಡಿಸಿದ. ಎರಡನೆಯ ಶತಮಾನದ ಐರಿನೇಯಸನ ಚಿಂತನೆಯನ್ನು ಬೆಳೆಸಿ ಜಾನ್ ಹಿಕ್ 1966ರಲ್ಲಿ, ಈ ಲೋಕ ಆತ್ಮಗಳು ಪಕ್ವವಾಗುವ ಜಾಗವೆಂದು ವಾದಿಸಿದ. ಮೂಲಪಾಪದ ಮಾತು ಎಳೆಗೂಸನ್ನೂ ಅಪರಾಧಿಯನ್ನಾಗಿಸುತ್ತದೆ. ಪಕ್ವತೆಯ ಮಾತು ಪಕ್ವವಾಗುವ ಮುನ್ನವೇ ಸತ್ತ ಕೂಸಿಗೆ ಒಗ್ಗುವುದಿಲ್ಲ. ಯೇಸುವಿನ ನಡೆ ಬೇರೆಯಾಗಿತ್ತು. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲವೆಂದು ಹೇಳಿ ಅವನಿಗೆ ಕಣ್ಣು ಬರಿಸಿದನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲ ಎಂಬ ಅವನ ಮಾತು ಲೂಕನ ಸುವಾರ್ತೆಯಲ್ಲಿದೆ. ಶಿಲುಬೆಯನ್ನು ನಂಬಿದವರಿಗೆ ದೇವರು ಸಂಕಟವನ್ನು ದೂರದಿಂದ ಹಂಚುವವನಲ್ಲ, ಅದರೊಳಗೆ ಪಾಲುಗೊಂಡವನು.

ಇಸ್ಲಾಮಿನ ಆರಂಭದ ಶತಮಾನಗಳಲ್ಲಿ ಮುಅತಜಿಲಾ ಪಂಥದವರು ದೇವರ ನ್ಯಾಯವನ್ನು ಎಲ್ಲಕ್ಕಿಂತ ಮೇಲಿಟ್ಟರು; ನೊಂದ ಮಕ್ಕಳಿಗೆ, ಪ್ರಾಣಿಗಳಿಗೂ ಸಹ, ಪರಲೋಕದಲ್ಲಿ ದೇವರು ಪರಿಹಾರ ಕೊಡಲೇಬೇಕೆಂದರು. ಅಲ್‌ ಅಶ್‌ಅರಿ ತನ್ನ ಗುರು ಅಲ್‌ ಜುಬ್ಬಾಯಿಗೆ ಹಾಕಿದನೆಂಬ ಪ್ರಶ್ನೆ ಪ್ರಸಿದ್ಧ. ಮೂವರು ಸೋದರರಲ್ಲಿ ಒಬ್ಬ ಭಕ್ತನಾಗಿ, ಒಬ್ಬ ನಾಸ್ತಿಕನಾಗಿ, ಒಬ್ಬ ಎಳವೆಯಲ್ಲೇ ಸಾಯುತ್ತಾನೆ. ನನಗೆ ಬೆಳೆಯಲು ಅವಕಾಶ ಏಕಿಲ್ಲವಾಯಿತೆಂದು ಕೂಸು ಕೇಳಿದರೆ, ಬೆಳೆದಿದ್ದರೆ ಪಾಪಿಯಾಗುತ್ತಿದ್ದೆ ಎಂದು ಉತ್ತರ. ಹಾಗಾದರೆ ನನ್ನನ್ನೂ ಎಳವೆಯಲ್ಲೇ ಏಕೆ ಕರೆಸಿಕೊಳ್ಳಲಿಲ್ಲ ಎಂದು ನಾಸ್ತಿಕ ಕೇಳಿದರೆ? ಗುರುವಿನಲ್ಲಿ ಉತ್ತರವಿರಲಿಲ್ಲವಂತೆ. ದೇವರ ಇಚ್ಛೆಯನ್ನು ಮನುಷ್ಯನ ಅಳತೆಗೋಲಿನಿಂದ ಅಳೆಯಲಾಗದೆಂಬುದು ಅಶ್‌ಅರಿ ಪಂಥದ ನಿಲುವಾಯಿತು. ಹದೀಸಿನ ಒಂದು ಪ್ರಸಂಗ ಈ ತರ್ಕಕ್ಕಿಂತ ಆಪ್ತವಾಗಿದೆ. ಪ್ರವಾದಿ ಮುಹಮ್ಮದರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡಾಗ ಅವರು ಕಣ್ಣೀರಿಟ್ಟರು. ಅದೇ ದಿನ ಸೂರ್ಯಗ್ರಹಣವಾಗಲು, ಮಗುವಿನ ಸಾವಿಗೇ ಹೀಗಾಯಿತೆಂದು ಜನ ಆಡಿಕೊಂಡರು. ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿ ತಿದ್ದಿದರು. ಮಗನನ್ನು ಕಳೆದುಕೊಂಡ ತಂದೆಗೆ ಆ ಸುಲಭ ಅರ್ಥ ಸಮಾಧಾನ ತರಬಹುದಿತ್ತು, ಅವರು ಬಯಸಲಿಲ್ಲ. 680ರಲ್ಲಿ ಕರ್ಬಲಾದಲ್ಲಿ ಹಸಿಶಿಶುವಿನೊಡನೆ ಹತನಾದ, ಪ್ರವಾದಿಯ ಮೊಮ್ಮಗ ಹುಸೇನನ ಶೋಕವನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ ದಿನ ಹಿಂದೂಗಳೂ ಸೇರಿ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಅಲ್ಲಿ ಊರಿನ ಪಾಲಿಗಿರುವುದು ಒಟ್ಟಿಗೆ ಅಳುವ ಕೆಲಸ.

ಎರಡು ಭೂಕಂಪಗಳು

1755ರ ನವೆಂಬರ್ 1, ಸರ್ವಸಂತರ ಹಬ್ಬದ ಬೆಳಿಗ್ಗೆ, ಚರ್ಚುಗಳು ತುಂಬಿದ್ದ ಹೊತ್ತಿಗೆ ಲಿಸ್ಬನ್ ನಗರ ಕಂಪಿಸಿತು. ಹಿಂದೆಯೇ ಸಮುದ್ರ ಉಕ್ಕಿತು, ಬೆಂಕಿ ಹತ್ತಿತು. ಜೆಸ್ವಿಟ್ ಪಾದ್ರಿ ಮಲಗ್ರಿಡ ಇದು ನಗರದ ಪಾಪಕ್ಕೆ ದೇವರ ದಂಡನೆಯೆಂದು ಸಾರಿದ. ಇದು ಇರಬಹುದಾದ ಲೋಕಗಳಲ್ಲೆಲ್ಲ ಉತ್ತಮವಾದದ್ದೆಂಬ ಲೈಬ್ನಿಜನ ಮಾತಿಗೆ ವಾಲ್ಟೇರ್ ಕವಿತೆಯಲ್ಲೂ, 1759ರ ‘ಕ್ಯಾಂಡಿಡ್’ ಕೃತಿಯಲ್ಲೂ ಎದುರಾದ. ನಮ್ಮ ದೇಶದಲ್ಲಿ 1934ರ ಜನವರಿ 15ರಂದು ಬಿಹಾರ ಕಂಪಿಸಿ ಸಾವಿರಾರು ಜನ ಸತ್ತಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯ ವಿರುದ್ಧ ಅವರ ಜೊತೆಗಿದ್ದ ರವೀಂದ್ರನಾಥ ಟಾಗೋರರೇ ಬಹಿರಂಗವಾಗಿ ವಿರೋಧಿಸಿದರು. ಭೌತಿಕ ಘಟನೆಗೆ ಭೌತಿಕ ಕಾರಣಗಳೇ ಇರುತ್ತವೆಂದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಪ್ರಕಟಿಸಿ, ತಮ್ಮ ನಂಬಿಕೆಗೆ ಅಂಟಿಕೊಂಡರು. ಇಲ್ಲಿ ಉದ್ದೇಶ ನಿಸ್ಸಂಶಯವಾಗಿ ದೊಡ್ಡದು. ತಮ್ಮ ಸಮಾಜದ ಪಾಪವೆಂದು ತಮ್ಮನ್ನೂ ಸೇರಿಸಿಕೊಂಡೇ ಗಾಂಧೀಜಿ ಮಾತಾಡಿದರು. ಆದರೂ ಗೋಡೆ ಬಿದ್ದು ಸತ್ತವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಅವರ ಮಕ್ಕಳೂ ಇದ್ದರು. ಒಳ್ಳೆಯ ಉದ್ದೇಶವಿದ್ದರೂ ಶಿಕ್ಷೆಯ ವಿವರಣೆ ಬಿದ್ದುಹೋದವರ ಮೇಲೆಯೇ ಇನ್ನೊಮ್ಮೆ ಬೀಳುತ್ತದೆ. ಟಾಗೋರರ ಎಚ್ಚರ ಧರ್ಮದ್ರೋಹವಲ್ಲ. ಯೋಬನ ಗ್ರಂಥವೂ ಸೀವಕನ ಸೂತ್ರವೂ ಹೇಳಿದ ಎಚ್ಚರವೇ.

ಆಕ್ಷೇಪಗಳು ಮತ್ತು ತೀರ್ಮಾನ

ಈ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇದು ಆಧುನಿಕ ಮಾನವತಾವಾದವನ್ನು ಹಳೆಯ ಗ್ರಂಥಗಳ ಮೇಲೆ ಹೇರಿದಂತಲ್ಲವೇ ಎಂಬುದು. ಮಾಂಡವ್ಯನ ಶಾಪ, ಯೋಬನ ಗೆಳೆಯರ ಮೇಲಿನ ದೇವರ ಸಿಟ್ಟು, ಟಾಲ್ಮುಡ್ಡಿನ ನಿಷೇಧ, ಬುದ್ಧನ ಎಂಟು ಕಾರಣಗಳು, ಎಲ್ಲವೂ ಆಧುನಿಕ ಯುಗಕ್ಕಿಂತ ಬಹಳ ಹಿಂದಿನವು. ಹೇರಿದ ಮಾತು ಇಷ್ಟು ದೂರದ ನೆಲಗಳಲ್ಲಿ ಬೇರೆ ಬೇರೆಯಾಗಿ ಸಿಗುವುದಿಲ್ಲ. ಎರಡನೆಯದು, ನೊಂದವರೇ ಕಾರಣ ಹುಡುಕುತ್ತಾರೆ, ಅದನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು ಎಂಬುದು. ಈ ಆಕ್ಷೇಪಕ್ಕೆ ತೂಕವಿದೆ. ಮಗನನ್ನು ಕಳೆದುಕೊಂಡ ತಾಯಿ ಇದು ನನ್ನ ಪ್ರಾರಬ್ಧ ಎಂದುಕೊಂಡು ಮರುದಿನ ಎದ್ದು ಒಲೆ ಹಚ್ಚಿದರೆ, ಆ ನಂಬಿಕೆ ಅವಳ ಊರುಗೋಲು. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅವಳ ಬಾಯಲ್ಲಿ ಊರುಗೋಲಾದದ್ದು ನೆರೆಯವಳ ಬಾಯಲ್ಲಿ ಬಡಿಗೆಯಾಗುತ್ತದೆ ಎಂಬುದಷ್ಟೇ ಇಲ್ಲಿನ ವಾದ. ಮೂರನೆಯದು ಎಲ್ಲಕ್ಕಿಂತ ಕಠಿಣ: ಸೇವೆ ಮಾಡಿದರೆ, ಜೊತೆಗೆ ಅತ್ತರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತೇ? ಸಿಗಲಿಲ್ಲ. ದಾಸ್ತಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ (1880) ಕಾದಂಬರಿಯ ಇವಾನ್, ಒಂದು ಮಗುವಿನ ಕಣ್ಣೀರನ್ನು ಬೆಲೆಯಾಗಿ ತೆತ್ತು ಕೊಳ್ಳುವ ಸಾಮರಸ್ಯ ತನಗೆ ಬೇಡವೆನ್ನುವಾಗ, ಯಾವ ಧರ್ಮಶಾಸ್ತ್ರವೂ ಅವನ ಬಾಯಿ ಮುಚ್ಚಿಸಲಾರದು. ಉತ್ತರ ಸಿಕ್ಕಿದೆಯೆಂದು ನಟಿಸುವುದಕ್ಕಿಂತ ಪ್ರಶ್ನೆಯನ್ನು ತೆರೆದಿಡುವುದು ಹೆಚ್ಚು ಪ್ರಾಮಾಣಿಕ; ಯೋಬನಿಗೆ ಕಾರಣ ಹೇಳದ ದೇವರೂ ಅದನ್ನು ತೆರೆದೇ ಇಟ್ಟ.

ಆದ್ದರಿಂದ ನಿರಪರಾಧಿಗಳ ಸಂಕಟದ ಬಗ್ಗೆ ಯಾವ ಧಾರ್ಮಿಕ ವಿವರಣೆ ಕೇಳಿದರೂ ಎರಡು ಪ್ರಶ್ನೆಗಳಿಂದ ಅದನ್ನು ತೂಗಬಹುದು: ಇದನ್ನು ಹೇಳುತ್ತಿರುವವರು ನೊಂದವರೋ, ನೋಡುವವರೋ? ಹೇಳಿದ ಮೇಲೆ ಅವರ ಕೈ ನೀರಿನ ಬಿಂದಿಗೆಯ ಕಡೆಗೆ ಹೋಯಿತೋ, ಇಲ್ಲವೋ? ಕರ್ಮ, ಪರೀಕ್ಷೆ, ದೈವೇಚ್ಛೆ ಇವುಗಳಲ್ಲಿ ಯಾವುದು ನಿಜವೆಂದು ವಾದಿಸುತ್ತ ಧರ್ಮಗಳು ಸಾವಿರಾರು ವರ್ಷ ಕಳೆದಿವೆ, ಇನ್ನೂ ಕಳೆಯಲಿವೆ. ಬಿದ್ದವನನ್ನು ಮೊದಲು ಎತ್ತಬೇಕು ಎಂಬಲ್ಲಿ ಅವುಗಳಿಗೆ ಭಿನ್ನಾಭಿಪ್ರಾಯವಿಲ್ಲ.